ಬಿಸಿ-ತಂಪಿಗೆ ಕ್ವಾಂಟಮ್ ಡಾಟ್‌ಗಳ ಬೆಳಕು ಹೇಗೆ ಬದಲಾಗುತ್ತದೆ: ಅಳೆಯಲು, ಲೆಕ್ಕ ಹಾಕಲು ಒಂದು ಸಮಗ್ರ ಮಾರ್ಗದರ್ಶಿ

ಕ್ವಾಂಟಮ್ ಡಾಟ್ ಅಂದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಹರಳು. ಅದನ್ನು ಬೆರೆಸಿದ ಪ್ಲಾಸ್ಟಿಕ್ ಫಿಲ್ಮಿನ ಒಂದು ಸಣ್ಣ ತುಂಡು ತಗೊಳ್ಳಿ. ನೇರಳಾತೀತ ಟಾರ್ಚ್ ಹಿಡಿದರೆ ಕೆಂಪಗೆ ಹೊಳೆಯುತ್ತದೆ. ಇಕ್ಕಳದಲ್ಲಿ ಹಿಡಿದು ಅದನ್ನು ದ್ರವ ನೈಟ್ರೋಜನ್‌ನಲ್ಲಿ ಅದ್ದಿ. ಭುಸುಗುಡುವ ಗುಳ್ಳೆಗಳು ಅಡಗುವಷ್ಟರಲ್ಲಿ ಕೆಂಪು ಕಿತ್ತಳೆಯ ಕಡೆಗೆ ತಿರುಗಿರುತ್ತದೆ, ಹೊಳಪೂ ಜಾಸ್ತಿಯಾಗಿರುತ್ತದೆ. ಹೊರಗೆ ತೆಗೆದರೆ ನಿಧಾನಕ್ಕೆ ಮತ್ತೆ ಅದೇ ಹಳೇ ಕೆಂಪು. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ನೋಡುವಾಗ ಖುಷಿಯಾಗುತ್ತದೆ.

ಬಣ್ಣ ಬದಲಾಗುವುದನ್ನು ಕಣ್ಣಲ್ಲಿ ನೋಡುವುದು ಸುಲಭ. ಅದನ್ನು ನಂಬುವಂಥ ಅಂಕಿಯಾಗಿ ಬರೆದಿಡುವುದು ಕಷ್ಟ. ಬದಲಾವಣೆ ನಿಜವಾಗಿ ತಾಪದಿಂದಲೇ ಬಂತಾ? ಸ್ಯಾಂಪಲ್ ಜರುಗಿದ್ದರಿಂದ ಬಂತಾ? ಅಥವಾ ಡಾಟ್‌ಗಳೇ ಹಾಳಾದವಾ? ಇದಕ್ಕೆಲ್ಲ ನನ್ನ ಹತ್ತಿರ ಇರುವ ಒಳ್ಳೆಯ ಪರೀಕ್ಷೆ ಒಂದೇ. ತಂಪು ಮಾಡುತ್ತಾ ಹೋದ ದಾರಿಯಲ್ಲೇ ಬಿಸಿ ಮಾಡುತ್ತಾ ವಾಪಸ್ ಬರಬೇಕು. ಹೋಗುವಾಗ ಕಂಡದ್ದು ಬರುವಾಗಲೂ ಕಾಣಬೇಕು. ಈ ಮಾರ್ಗದರ್ಶಿಯ ಪ್ರತಿ ಹಂತವೂ ಇದೇ ಮಾತಿಗೆ ಬಂದು ನಿಲ್ಲುತ್ತದೆ.

ಉದಾಹರಣೆಗೆ ಇಲ್ಲಿ ಉದ್ದಕ್ಕೂ ಒಂದೇ ಸ್ಯಾಂಪಲ್ ಇಟ್ಟುಕೊಳ್ಳೋಣ: ಒಳಗೆ ಕ್ಯಾಡ್ಮಿಯಂ ಸೆಲೆನೈಡ್ ತಿರುಳು, ಹೊರಗೆ ಜಿಂಕ್ ಸಲ್ಫೈಡ್ ಚಿಪ್ಪು, ಕೋಣೆಯ ತಾಪದಲ್ಲಿ 620 ನ್ಯಾನೋಮೀಟರ್‌ನಲ್ಲಿ ಹೊಳೆಯುವ ಡಾಟ್‌ಗಳು.

ಕೈ ಹಾಕುವ ಮೊದಲು: ಒಳಗೆ ಏನಾಗುತ್ತಿದೆ?

ಅರೆವಾಹಕದ ಮೇಲೆ ಬೆಳಕು ಬಿದ್ದರೆ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರುತ್ತದೆ, ಕೆಳಗೆ ಅದು ಬಿಟ್ಟುಹೋದ ಖಾಲಿ ಜಾಗ, ಅಂದರೆ ಒಂದು ಹೋಲ್ ಉಳಿಯುತ್ತದೆ. ಎರಡೂ ಮತ್ತೆ ಕೂಡಿದಾಗ ಬೆಳಕು ಹೊರಬರುತ್ತದೆ. ಆ ಬೆಳಕಿನ ಬಣ್ಣವನ್ನು ನಿರ್ಧರಿಸುವುದು ಎರಡು ಮಟ್ಟಗಳ ನಡುವಿನ ಬ್ಯಾಂಡ್ ಅಂತರ. ದೊಡ್ಡ ಹರಳಿನಲ್ಲಿ ಕ್ಯಾಡ್ಮಿಯಂ ಸೆಲೆನೈಡ್‌ನ ಅಂತರ ಕೋಣೆಯ ತಾಪದಲ್ಲಿ ಸುಮಾರು 1.74 ಎಲೆಕ್ಟ್ರಾನ್‌ವೋಲ್ಟ್. ಮುಂದೆ ಇದನ್ನು ಇವಿ ಎಂದೇ ಬರೆಯುತ್ತೇನೆ. ಅದು 712 ನ್ಯಾನೋಮೀಟರ್ ಹತ್ತಿರದ ಗಾಢ ಕೆಂಪು. ಹರಳನ್ನು ಕೆಲವೇ ನ್ಯಾನೋಮೀಟರ್‌ಗೆ ಕುಗ್ಗಿಸಿದರೆ ಎಲೆಕ್ಟ್ರಾನ್‌ಗೂ ಹೋಲ್‌ಗೂ ಓಡಾಡಲು ಜಾಗ ಸಾಲುವುದಿಲ್ಲ, ಅಂತರ ಹಿಗ್ಗುತ್ತದೆ. ನಮ್ಮ ಡಾಟ್ 2.00 ಇವಿಯಲ್ಲಿ ಹೊಳೆಯುವುದು ಅದಕ್ಕೇ. ಗಾತ್ರದ ಈ ಆಟವನ್ನು ಅಲೆಕ್ಸಿ ಎಕಿಮೋವ್ ಗಾಜಿನೊಳಗಿನ ಹರಳುಗಳಲ್ಲಿ, ಲೂಯಿಸ್ ಬ್ರೂಸ್ ದ್ರಾವಣದಲ್ಲಿ ತೇಲುವ ಕಣಗಳಲ್ಲಿ 1980ರ ದಶಕದ ಆರಂಭದಲ್ಲಿ ಕಂಡರು. ಒಂದೇ ಗಾತ್ರದ ಡಾಟ್‌ಗಳನ್ನು ಅಚ್ಚುಕಟ್ಟಾಗಿ ಬೆಳೆಸುವ ವಿಧಾನವನ್ನು ಮೌಂಗಿ ಬವೆಂಡಿ 1993ರಲ್ಲಿ ಕೊಟ್ಟರು. ಮೂವರಿಗೂ 2023ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಇನ್ನು ತಾಪ. ಬಿಸಿಯಾದಂತೆ ಹರಳಿನ ಪರಮಾಣುಗಳು ಜಾಸ್ತಿ ಅದುರುತ್ತವೆ, ಹರಳು ಚೂರು ಹಿಗ್ಗುತ್ತದೆ. ಈ ಅದುರುವಿಕೆಯ ಪೊಟ್ಟಣಗಳಿಗೆ ಫೋನಾನ್ ಎಂದು ಹೆಸರು. ಎಲೆಕ್ಟ್ರಾನ್ ಮತ್ತು ಫೋನಾನ್ ನಡುವಿನ ಎಳೆದಾಟದಿಂದ ಅಂತರ ಕಡಿಮೆಯಾಗುತ್ತದೆ. ಹರಳು ಹಿಗ್ಗುವುದರ ಪಾಲೂ ಇದೆ, ಆದರೆ ಕ್ಯಾಡ್ಮಿಯಂ ಸೆಲೆನೈಡ್‌ನಲ್ಲಿ ಅದು ಚಿಕ್ಕದು. ಡಾಟ್ ಹಿಗ್ಗಿ ದೊಡ್ಡದಾಗಿ ಬಣ್ಣ ಬದಲಾಯಿತು ಎಂದು ಹಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಪರಿಣಾಮ ಹುಡುಕಿದರೂ ಸಿಗದಷ್ಟು ಸಣ್ಣದು.

ಎಲ್ಲ ಡಾಟ್‌ಗಳೂ ಬಿಸಿಗೆ ಕೆಂಪಿನ ಕಡೆಗೇ ಹೋಗುತ್ತವೆ ಅಂತಲೂ ಇಲ್ಲ. ಲೆಡ್ ಸಲ್ಫೈಡ್ ತದ್ವಿರುದ್ಧ. ದೊಡ್ಡ ಹರಳಿನಲ್ಲಿ ಅದರ ಅಂತರ 4 ಕೆಲ್ವಿನ್‌ನಲ್ಲಿ 0.29 ಇವಿ, 300 ಕೆಲ್ವಿನ್‌ನಲ್ಲಿ 0.41 ಇವಿ. ಅಂದರೆ ಬಿಸಿಯಾದಂತೆ ಹಿಗ್ಗುತ್ತದೆ. ಡಾಟ್ ಚಿಕ್ಕದಾದಷ್ಟೂ ಈ ಏರಿಕೆ ಮಂದವಾಗುತ್ತದೆ. ಸೀಸಿಯಂ ಲೆಡ್ ಬ್ರೋಮೈಡ್ ಪೆರೋವ್‌ಸ್ಕೈಟ್ ಡಾಟ್‌ಗಳೂ ಬಿಸಿಗೆ ನೀಲಿಯ ಕಡೆಗೆ ಸರಿಯುತ್ತವೆ. ಹಾಗಾಗಿ ನಿಮ್ಮ ಅಳತೆಯಲ್ಲಿ ದಿಕ್ಕು ತಲೆಕೆಳಗಾಗಿ ಬಂದರೆ ಗಾಬರಿ ಬೇಡ, ಮೊದಲು ವಸ್ತು ಯಾವುದು ನೋಡಿ.

ಹಂತ 1: ಸ್ಯಾಂಪಲ್ ಸಿದ್ಧ ಮಾಡುವುದು

ಡಾಟ್‌ಗಳು ಸಾಮಾನ್ಯವಾಗಿ ಟಾಲ್ವೀನ್‌ನಂಥ ದ್ರಾವಕದಲ್ಲಿ ಬರುತ್ತವೆ. ಟಾಲ್ವೀನ್ ಮೈನಸ್ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದಾಗ ಬೆಳ್ಳಗಾಗಿ, ಬೆಳಕನ್ನೆಲ್ಲ ಚದುರಿಸುತ್ತದೆ, ಡಾಟ್‌ಗಳನ್ನು ಒಂದು ಮೂಲೆಗೆ ತಳ್ಳುತ್ತದೆ. ಹಾಗಾಗಿ ತಂಪಿನ ಅಳತೆಗೆ ದ್ರಾವಣ ನೇರವಾಗಿ ಬೇಡ. ಪಾಲಿಮೀಥೈಲ್ ಮೆಥಾಕ್ರಿಲೇಟ್, ಅಂದರೆ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಟಾಲ್ವೀನ್‌ನಲ್ಲಿ ಕರಗಿಸಿ, ಅದಕ್ಕೆ ಡಾಟ್ ಬೆರೆಸಿ, ನೀಲಮಣಿಯ ತೆಳು ಬಿಲ್ಲೆಯ ಮೇಲೆ ಒಂದು ಹನಿ ಹಾಕಿ ಒಣಗಿಸಿ. ಗಾಜಿನ ಬದಲು ನೀಲಮಣಿ ಯಾಕೆ ಅಂದರೆ, ತಂಪಿನಲ್ಲಿ ಅದು ಶಾಖವನ್ನು ಗಾಜಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಸಾಗಿಸುತ್ತದೆ.

ಡಾಟ್ ಎಷ್ಟು ಹಾಕಬೇಕು? ಕಡಿಮೆ. ಇದರಲ್ಲಿ ಆಸೆ ಪಡಬೇಡಿ. ಡಾಟ್‌ಗಳು 5ರಿಂದ 10 ನ್ಯಾನೋಮೀಟರ್ ಅಂತರದಲ್ಲಿ ಒತ್ತಾಗಿ ಕೂತರೆ, ಚಿಕ್ಕ ಡಾಟ್ ತನ್ನ ಶಕ್ತಿಯನ್ನು ಪಕ್ಕದ ದೊಡ್ಡ ಡಾಟ್‌ಗೆ ದಾಟಿಸಿಬಿಡುತ್ತದೆ. ಆಗ ಇಡೀ ಫಿಲ್ಮ್ ಕೆಂಪಿನ ಕಡೆಗೆ ಸರಿದಂತೆ ಕಾಣುತ್ತದೆ. ಈ ದಾಟಾಟವೂ ತಾಪಕ್ಕೆ ಬದಲಾಗುವುದರಿಂದ ನೀವು ಅಳೆಯುವುದು ಎರಡರ ಕಲಸುಮೇಲೋಗರ. ಪರೀಕ್ಷೆ ಸುಲಭ. ಅದೇ ಡಾಟ್‌ಗಳ ತೆಳು ದ್ರಾವಣದ ಪೀಕ್, ಅಂದರೆ ಹೊಳಪು ಅತಿ ಜಾಸ್ತಿ ಇರುವ ತರಂಗಾಂತರ ನೋಡಿ, ಫಿಲ್ಮಿನ ಪೀಕ್ ನೋಡಿ. ಫಿಲ್ಮ್ 5 ನ್ಯಾನೋಮೀಟರ್ ಕೆಂಪಾಗಿ ಕಂಡರೆ ಇನ್ನೂ ತೆಳು ಮಾಡಿ. ನಾವು ಹಾಕುವ ಲೇಸರ್‌ನ 405 ನ್ಯಾನೋಮೀಟರ್‌ನಲ್ಲಿ ಫಿಲ್ಮಿನ ಹೀರಿಕೆ 0.1ಕ್ಕಿಂತ ಕೆಳಗಿರಲಿ. ಹೊರಬಂದ ಬೆಳಕನ್ನೇ ಫಿಲ್ಮ್ ಮತ್ತೆ ಹೀರುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಕ್ಯಾಡ್ಮಿಯಂ ವಿಷ. ಕೈಗವಸು ಹಾಕಿ, ತ್ಯಾಜ್ಯವನ್ನು ಬೇರೆ ಡಬ್ಬಿಯಲ್ಲಿಡಿ.

ಹಂತ 2: ಸ್ಯಾಂಪಲ್‌ನ ನಿಜವಾದ ತಾಪ

ಇಡೀ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ಸ್ಯಾಂಪಲನ್ನು ತಂಪು ಮಾಡಿ ಹಿಡಿದಿಡುವ ಯಂತ್ರ ಕ್ರಯೋಸ್ಟಾಟ್. ಅದರ ಪರದೆಯ ಮೇಲೆ ಬರುವ ಅಂಕಿ ಸೆನ್ಸಾರ್‌ನ ತಾಪ. ಸೆನ್ಸಾರ್ ಇರುವುದು ತಾಮ್ರದ ತುದಿಯಲ್ಲಿ. ನಿಮ್ಮ ಡಾಟ್‌ಗಳಿರುವುದು ಪ್ಲಾಸ್ಟಿಕ್ಕಿನ ಒಳಗೆ, ಪ್ಲಾಸ್ಟಿಕ್ ಬಿಲ್ಲೆಯ ಮೇಲೆ, ಬಿಲ್ಲೆ ತಾಮ್ರದ ಮೇಲೆ. ಸುತ್ತ ನಿರ್ವಾತ ಇರುವುದರಿಂದ ಶಾಖ ಹೋಗಲು ಗಾಳಿಯ ದಾರಿಯೂ ಇಲ್ಲ. ನಡುವಿನ ಯಾವ ಒಂದು ಕೊಂಡಿ ಸಡಿಲವಾದರೂ ಕಥೆ ಬೇರೆಯಾಗುತ್ತದೆ.

ಒಮ್ಮೆ ನನ್ನ ಒಂದು ಅಳತೆಯಲ್ಲಿ 50 ಕೆಲ್ವಿನ್‌ಗಿಂತ ಕೆಳಗೆ ಪೀಕ್, ಅಗಲ, ಹೊಳಪು ಮೂರೂ ಅಲ್ಲಾಡದೆ ನಿಂತವು. ಗೆರೆ ನೇರವಾಗಿ ಮಲಗಿತ್ತು. ತಂಪಿನಲ್ಲಿ ಬದಲಾವಣೆ ಕಡಿಮೆಯಾಗುವುದು ಸಹಜವೇ ಆದ್ದರಿಂದ ಎರಡು ದಿನ ಅದನ್ನು ನಂಬಿದ್ದೆ. ಬಿಚ್ಚಿ ನೋಡಿದರೆ ಬಿಲ್ಲೆಯ ಕೆಳಗಿನ ಗ್ರೀಸ್ ಒಂದು ಮೂಲೆಗೆ ಮಾತ್ರ ಅಂಟಿತ್ತು, ಉಳಿದ ಕಡೆ ಬಿಲ್ಲೆ ಕೂದಲೆಳೆಯಷ್ಟು ಮೇಲೆದ್ದು ನಿಂತಿತ್ತು. ಸೆನ್ಸಾರ್ 10 ಕೆಲ್ವಿನ್ ತೋರಿಸುತ್ತಿದ್ದಾಗ ಫಿಲ್ಮ್ ಆ ತಾಪಕ್ಕೆ ಇಳಿದೇ ಇರಲಿಲ್ಲ. ಆ ಎರಡು ದಿನದ ಅಂಕಿಗಳನ್ನೆಲ್ಲ ಬಿಸಾಕಬೇಕಾಯಿತು.

ಅಂದಿನಿಂದ ಮೂರು ಕೆಲಸ ತಪ್ಪದೆ ಮಾಡುತ್ತೇನೆ. ಮೊದಲನೆಯದು, ತಂಪಿಗೆ ತಡೆಯುವ ಗ್ರೀಸನ್ನು ಬಿಲ್ಲೆಯ ಇಡೀ ತಳಕ್ಕೆ ತೆಳ್ಳಗೆ ಸವರಿ, ಒತ್ತಿ, ಮೇಲಿನಿಂದ ಸಣ್ಣ ತಾಮ್ರದ ಪಟ್ಟಿಯಲ್ಲಿ ಹಿಡಿಸುವುದು. ಎರಡನೆಯದು, ತಾಪ ಮುಟ್ಟಿತು ಅಂತ ತೋರಿಸಿದ ಮೇಲೂ 10ರಿಂದ 15 ನಿಮಿಷ ಕಾಯುವುದು. ಆಮೇಲೆ 3 ನಿಮಿಷದ ಅಂತರದಲ್ಲಿ ಎರಡು ಸ್ಪೆಕ್ಟ್ರಮ್ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನುವ ಗೆರೆ) ತೆಗೆದು ಒಂದರ ಮೇಲೊಂದು ಇಟ್ಟು ನೋಡುವುದು. ಎರಡೂ ಕೂಡಿ ಬಂದರೆ ಮಾತ್ರ ಮುಂದೆ.

ಮೂರನೆಯದು ಮಾಣಿಕ್ಯದ ಚೂರು. ಫಿಲ್ಮ್ ಕೂರಿಸುವ ಮೊದಲು ಅದೇ ಥರದ ಖಾಲಿ ಬಿಲ್ಲೆಯ ಮೇಲೆ ಒಂದು ಸಣ್ಣ ಮಾಣಿಕ್ಯದ ಚೂರನ್ನು ಅಂಟಿಸಿ ಅದರ ಬೆಳಕನ್ನು ಅಳೆಯಿರಿ. 405 ನ್ಯಾನೋಮೀಟರ್ ಲೇಸರ್ ಮಾಣಿಕ್ಯವನ್ನೂ ಬೆಳಗಿಸುತ್ತದೆ. ಕೋಣೆಯ ತಾಪದಲ್ಲಿ ಅದು 694.3 ಮತ್ತು 692.9 ನ್ಯಾನೋಮೀಟರ್‌ನಲ್ಲಿ ಎರಡು ಚೂಪಾದ ಗೆರೆ ಕೊಡುತ್ತದೆ. ಎರಡರ ನಡುವಿನ ಶಕ್ತಿ ವ್ಯತ್ಯಾಸ ಸುಮಾರು 3.6 ಮಿಲಿ ಇವಿ. ತಂಪಾದಂತೆ ಮೇಲಿನ ಮಟ್ಟ ಖಾಲಿಯಾಗಿ, 692.9ರ ಗೆರೆ ಮಸುಕಾಗುತ್ತಾ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಮೇಲಿನ ಮಟ್ಟದಲ್ಲಿರುವ ಎಲೆಕ್ಟ್ರಾನ್‌ಗಳಿಗೂ ಕೆಳಗಿನ ಮಟ್ಟದಲ್ಲಿರುವವಕ್ಕೂ ಇರುವ ಅನುಪಾತ 77 ಕೆಲ್ವಿನ್‌ನಲ್ಲಿ 0.58, 20 ಕೆಲ್ವಿನ್‌ನಲ್ಲಿ ಬರೀ 0.12. ಸೆನ್ಸಾರ್ 20 ಎನ್ನುತ್ತಿರುವಾಗ ಆ ಗೆರೆ ಇನ್ನೂ ಗಟ್ಟಿಯಾಗಿ ನಿಂತಿದ್ದರೆ ನಂಬಬೇಕಾದದ್ದು ಮಾಣಿಕ್ಯವನ್ನು.

ದ್ರವ ನೈಟ್ರೋಜನ್ ಬಳಸುವಾಗ ಕಿಟಕಿ-ಬಾಗಿಲು ತೆರೆದಿಡಿ. 1 ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕವನ್ನು ತಳ್ಳಿ ಉಸಿರು ಕಟ್ಟಿಸುತ್ತದೆ, ಮೊದಲೇ ಗೊತ್ತಾಗುವುದೂ ಇಲ್ಲ. ಬಿಗಿ ಮುಚ್ಚಳದ ಪಾತ್ರೆಯಲ್ಲಿ ಅದನ್ನು ಯಾವತ್ತೂ ಇಡಬೇಡಿ.

ಹಂತ 3: ಬೆಳಕು ಹಾಕುವುದು, ಬೆಳಕು ಹಿಡಿಯುವುದು

405 ನ್ಯಾನೋಮೀಟರ್ ಲೇಸರ್ ಯಾಕೆ? ಹೀರಿಕೆಯ ಅಂಚಿನಿಂದ ದೂರ ಇದೆ, ಅದಕ್ಕೆ. ಅಂಚಿನ ಹತ್ತಿರ, ಅಂದರೆ 600 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ಹಾಕಿದರೆ, ತಾಪಕ್ಕೆ ಅಂಚು ಸರಿದಾಗ ಡಾಟ್ ಹೀರುವ ಬೆಳಕೇ ಏರುಪೇರಾಗುತ್ತದೆ. ಹೊಳಪು ಬದಲಾದದ್ದು ಯಾಕೆ ಅಂತ ಆಮೇಲೆ ಬಿಡಿಸಲು ಆಗುವುದಿಲ್ಲ.

ಲೇಸರ್ ಮಂದವಾಗಿರಲಿ, ಬೀಳುವ ಚುಕ್ಕೆ ಅಗಲವಾಗಿರಲಿ. ಮಂದ ಯಾಕೆ ಅಂದರೆ ಲೇಸರೇ ಫಿಲ್ಮನ್ನು ಬಿಸಿ ಮಾಡಬಾರದು. ಶಕ್ತಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ಹೊಳಪು ಅರ್ಧವಾಗಬೇಕು, ಪೀಕ್ ಇದ್ದಲ್ಲೇ ಇರಬೇಕು. ಪೀಕ್ ಜರುಗಿದರೆ ಇನ್ನೂ ಇಳಿಸಿ. ಚುಕ್ಕೆ ಅಗಲ ಯಾಕೆ ಅಂದರೆ, ತಂಪಾಗುವಾಗ ಕ್ರಯೋಸ್ಟಾಟ್‌ನ ಲೋಹದ ಭಾಗ ಕುಗ್ಗಿ ಸ್ಯಾಂಪಲ್ ಸ್ವಲ್ಪ ಜರುಗುತ್ತದೆ. ಚೂಪಾದ ಚುಕ್ಕೆ ಇಟ್ಟರೆ ಫೋಕಸ್ ತಪ್ಪಿ, ಹೊಳಪು ಇಳಿದಂತೆ ಕಾಣುತ್ತದೆ.

ಮುಂದೆ ಲೇಸರ್ ಬೆಳಕನ್ನು ತಡೆದು ಡಾಟ್‌ನ ಬೆಳಕನ್ನು ಮಾತ್ರ ಬಿಡುವ ಒಂದು ಲಾಂಗ್‌ಪಾಸ್ ಫಿಲ್ಟರ್, ಆಮೇಲೆ ಸ್ಪೆಕ್ಟ್ರೋಮೀಟರ್. ತರಂಗಾಂತರವನ್ನು ಪಾದರಸದ ದೀಪದಲ್ಲಿ ಸರಿಮಾಡಿಕೊಳ್ಳಿ. 435.83 ಮತ್ತು 546.07 ನ್ಯಾನೋಮೀಟರ್ ಗೆರೆಗಳು ಸಾಕಷ್ಟು ಚೂಪಾಗಿವೆ. ನಮ್ಮ ಪೀಕ್ ಕೆಂಪಿನಲ್ಲಿರುವುದರಿಂದ ನಿಯಾನ್‌ನ 640.22 ಗೆರೆಯನ್ನೂ ನೋಡಿದರೆ ಒಳ್ಳೆಯದು.

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಎಕ್ಸ್‌ಪೋಶರ್ ಸಮಯವನ್ನು ಕೋಣೆಯ ತಾಪದಲ್ಲಿ ಹೊಂದಿಸಬೇಡಿ. ತಂಪಿನಲ್ಲಿ ಹೊಳಪು ಏರಿ ಡಿಟೆಕ್ಟರ್ ತುಂಬಿ ಹೋಗುತ್ತದೆ, ನಡುವೆ ಸಮಯ ಬದಲಿಸಬೇಕಾಗುತ್ತದೆ. ಅತಿ ತಂಪಿನ ಜಾಗಕ್ಕೆ ಒಮ್ಮೆ ಸುಮ್ನೆ ಹೋಗಿ ಬನ್ನಿ. ಅಲ್ಲಿ ಪೀಕ್ ಡಿಟೆಕ್ಟರ್‌ನ ಮಿತಿಯ 60-70 ಶೇಕಡಾ ಇರುವಂತೆ ಹೊಂದಿಸಿ, ಆಮೇಲೆ ಇಡೀ ಅಳತೆಯಲ್ಲಿ ಅದನ್ನು ಮುಟ್ಟಬೇಡಿ.

ಹಂತ 4: ಹೋಗಿ ಬರುವುದು

ಕೋಣೆಯ ತಾಪದಲ್ಲಿ ಒಂದು ಸ್ಪೆಕ್ಟ್ರಮ್ ತೆಗೆಯಿರಿ. ಇದು ನಿಮ್ಮ ಗುರುತುಕಲ್ಲು. ಆಮೇಲೆ 300ರಿಂದ 20 ಕೆಲ್ವಿನ್‌ಗೊಂದರಂತೆ ಇಳಿಯುತ್ತಾ ಹೋಗಿ. 40ರ ಕೆಳಗೆ 10ಕ್ಕೊಂದು. ತಳ ಮುಟ್ಟಿದ ಮೇಲೆ ಅದೇ ತಾಪಗಳಲ್ಲಿ ನಿಲ್ಲುತ್ತಾ ಮೇಲೆ ಬನ್ನಿ. ಪ್ರತಿ ಸಲವೂ ಲೇಸರ್ ಮುಚ್ಚಿ ಒಂದು ಕತ್ತಲೆ ಸ್ಪೆಕ್ಟ್ರಮ್ ತೆಗೆಯಿರಿ, ಲೇಸರ್‌ನ ಶಕ್ತಿಯನ್ನು ಒಂದು ಫೋಟೋಡಯೋಡ್‌ನಲ್ಲಿ ಓದಿ ಬರೆದಿಡಿ. ನೈಟ್ರೋಜನ್ ಕ್ರಯೋಸ್ಟಾಟ್ ಆದರೆ 77ರಲ್ಲಿ ನಿಲ್ಲಬೇಕಾಗುತ್ತದೆ. ಹೀಲಿಯಂನಿಂದ ತಂಪು ಮಾಡುವ ಯಂತ್ರವಿದ್ದರೆ 10ರ ತನಕ ಹೋಗಬಹುದು.

ಹೋಗುವಾಗಿನ ಮತ್ತು ಬರುವಾಗಿನ ಪೀಕ್‌ಗಳನ್ನು ಒಂದೇ ಹಾಳೆಯಲ್ಲಿ ಗುರುತಿಸಿ. ಎರಡು ಗೆರೆಗಳ ನಡುವೆ ಸಂದಿ ಬಿದ್ದರೆ ಸಾಮಾನ್ಯ ಕಾರಣ ಅವಸರ. ಫಿಲ್ಮ್ ಸೆನ್ಸಾರ್‌ನ ಹಿಂದೆ ಹಿಂದೆ ಓಡುತ್ತಿದೆ ಅಂತ ಅರ್ಥ. ಕಾಯುವ ಸಮಯ ಎರಡರಷ್ಟು ಮಾಡಿ ಮತ್ತೆ ಅಳೆಯಿರಿ. ಪೀಕ್ ಕೂಡಿ ಬಂದು ಹೊಳಪು ಮಾತ್ರ ಕೂಡದಿದ್ದರೆ ಸ್ಯಾಂಪಲ್ ಜರುಗಿದೆ, ಇಲ್ಲವೇ ಲೇಸರ್ ಬಡಿತಕ್ಕೆ ಡಾಟ್‌ಗಳು ಮಂಕಾಗಿವೆ.

ಕ್ರಯೋಸ್ಟಾಟ್ ಇಲ್ಲದವರಿಗೆ

ಬೇಜಾರು ಬೇಡ, ದ್ರಾವಣದಲ್ಲೂ ಒಳ್ಳೆಯ ಅಳತೆ ಮಾಡಬಹುದು. ಬಿಸಿ-ತಂಪು ಮಾಡುವ ಪೆಲ್ಟಿಯರ್ ಹೋಲ್ಡರ್‌ನಲ್ಲಿ ಕ್ಯುವೆಟ್, ಅಂದರೆ ದ್ರಾವಣ ತುಂಬುವ ಪಾರದರ್ಶಕ ಡಬ್ಬಿ ಇಟ್ಟು 10ರಿಂದ 70 ಡಿಗ್ರಿ ಸೆಲ್ಸಿಯಸ್ ತನಕ ಹೋಗಿ ಬನ್ನಿ. ದ್ರಾವಣ ಕಲಕುತ್ತಿರಲಿ, ಮುಚ್ಚಳ ಇರಲಿ. ನಮ್ಮ ಡಾಟ್‌ಗೆ ಈ 60 ಡಿಗ್ರಿಯಲ್ಲಿ ಪೀಕ್ ಸುಮಾರು 5 ನ್ಯಾನೋಮೀಟರ್ ಸರಿಯುತ್ತದೆ, ಮಾಮೂಲಿ ಸ್ಪೆಕ್ಟ್ರೋಮೀಟರಿಗೂ ಅದು ಚೆನ್ನಾಗಿ ಸಿಗುತ್ತದೆ. ತಂಪಿನ ಕಡೆ ಕ್ಯುವೆಟ್ ಹೊರಗೆ ನೀರಿನ ಹನಿ ಕೂರುತ್ತದೆ, ಒಣ ನೈಟ್ರೋಜನ್ ಅನಿಲ ಊದಿದರೆ ಸರಿಹೋಗುತ್ತದೆ.

ಹೊಳಪಿನ ಲೆಕ್ಕದಲ್ಲಿ ಮಾತ್ರ ಒಂದು ಹುಷಾರು. ಟಾಲ್ವೀನ್ ಪ್ರತಿ ಡಿಗ್ರಿಗೆ ಶೇಕಡಾ 0.1ಕ್ಕಿಂತ ತುಸು ಜಾಸ್ತಿ ಹಿಗ್ಗುತ್ತದೆ. 60 ಡಿಗ್ರಿಗೆ ಅದು ಶೇಕಡಾ 6ರ ಮೇಲಾಯಿತು. ಬೆಳಕಿನ ದಾರಿಯಲ್ಲಿ ಡಾಟ್‌ಗಳೂ ಅಷ್ಟೇ ಕಡಿಮೆಯಾದವು. ಡಾಟ್ ಮಂಕಾಗಿದ್ದರಿಂದ ಹೊಳಪು ಇಳಿಯಿತು ಅಂತ ಬರೆಯುವ ಮೊದಲು ಈ 6ನ್ನು ಕಳೆಯಬೇಕು.

ಹಂತ 5: ನ್ಯಾನೋಮೀಟರ್‌ನಿಂದ ಇವಿಗೆ

ಇನ್ನು ಲೆಕ್ಕ. 1239.84 ಅನ್ನು ತರಂಗಾಂತರದ ನ್ಯಾನೋಮೀಟರ್‌ನಿಂದ ಭಾಗಿಸಿದರೆ ಇವಿ ಬರುತ್ತದೆ. 620 ಅಂದರೆ 2.000 ಇವಿ. ಆದರೆ ಅಡ್ಡ ಅಕ್ಷ ಬದಲಿಸಿ ಅಷ್ಟಕ್ಕೇ ನಿಲ್ಲಬೇಡಿ. ಒಂದು ನ್ಯಾನೋಮೀಟರ್‌ನ ಪಟ್ಟಿ ನೀಲಿಯಲ್ಲಿ ಇರುವಷ್ಟು ಇವಿ ಅಗಲ ಕೆಂಪಿನಲ್ಲಿ ಇರುವುದಿಲ್ಲ. ಹಾಗಾಗಿ ಪ್ರತಿ ಬಿಂದುವಿನ ಹೊಳಪನ್ನೂ ಅದರ ತರಂಗಾಂತರದ ವರ್ಗದಿಂದ ಗುಣಿಸಬೇಕು. ನಮ್ಮ ಡಾಟ್‌ನ ಅರ್ಧ ಎತ್ತರದ ಅಗಲ 25 ನ್ಯಾನೋಮೀಟರ್, ಅಂದರೆ ಸುಮಾರು 80 ಮಿಲಿ ಇವಿ ಇದ್ದರೆ, ಈ ಗುಣಾಕಾರದಿಂದ ಪೀಕ್ ಬರೀ 1 ಮಿಲಿ ಇವಿಯಷ್ಟು ಸರಿಯುತ್ತದೆ. ಚಿಕ್ಕದೇ, ಒಪ್ಪಿದೆ. ಆದರೆ ಅಗಲವಾದ ಸ್ಪೆಕ್ಟ್ರಮ್ ಇರುವ ಡಾಟ್‌ಗಳಲ್ಲಿ ಇದು ಬೇಗ ಬೆಳೆಯುತ್ತದೆ, ಮಾಡಿಬಿಡುವುದೇ ವಾಸಿ.

ಪೀಕ್ ಎಲ್ಲಿದೆ ಅಂತ ನೋಡಲು ಅತಿ ಎತ್ತರದ ಬಿಂದುವನ್ನು ಆರಿಸಬೇಡಿ. ಅದು ಗದ್ದಲಕ್ಕೆ ಅತ್ತಿತ್ತ ನೆಗೆಯುತ್ತದೆ. ಮೇಲಿನ ಮೂರನೇ ಒಂದು ಭಾಗಕ್ಕೆ ಗಾಸಿಯನ್, ಅಂದರೆ ಗಂಟೆಯಾಕಾರದ ಗೆರೆ ಕೂರಿಸಿದರೆ 1 ನ್ಯಾನೋಮೀಟರ್‌ನ ಸ್ಪೆಕ್ಟ್ರೋಮೀಟರ್‌ನಲ್ಲೂ 0.1 ನ್ಯಾನೋಮೀಟರ್ ತನಕ ನಂಬಬಹುದು.

ಹಂತ 6: ಪೀಕ್ ಸರಿಯುವುದರ ಲೆಕ್ಕ

1967ರಲ್ಲಿ ವರ್ಶ್ನಿ ಕೊಟ್ಟ ಸೂತ್ರವನ್ನು ಎಲ್ಲರೂ ಮೊದಲು ಹಾಕಿ ನೋಡುತ್ತಾರೆ:

ಅಂತರ = ಶೂನ್ಯ ಕೆಲ್ವಿನ್‌ನ ಅಂತರ − ಆಲ್ಫಾ × ತಾಪ² ÷ (ತಾಪ + ಬೀಟಾ)

ಆಲ್ಫಾ 0.00032 ಇವಿ ಪ್ರತಿ ಕೆಲ್ವಿನ್, ಬೀಟಾ 220 ಕೆಲ್ವಿನ್ ಎಂದಿಟ್ಟುಕೊಳ್ಳಿ. ಕ್ಯಾಡ್ಮಿಯಂ ಸೆಲೆನೈಡ್ ಡಾಟ್‌ಗಳಿಗೆ ಇದು ಒಪ್ಪುವಂಥ ಬೆಲೆ. 300 ಕೆಲ್ವಿನ್‌ನಲ್ಲಿ ಕಳೆಯುವ ಪಾಲು 55 ಮಿಲಿ ಇವಿ, 77ರಲ್ಲಿ ಬರೀ 6.4. ವ್ಯತ್ಯಾಸ ಸುಮಾರು 49 ಮಿಲಿ ಇವಿ. ಅಂದರೆ 300ರಲ್ಲಿ 2.000 ಇದ್ದ ಪೀಕ್ 77ರಲ್ಲಿ 2.049ಕ್ಕೆ, ತರಂಗಾಂತರದಲ್ಲಿ 620ರಿಂದ 605ಕ್ಕೆ ಹೋಯಿತು. ಮೊದಲಿಗೆ ಇಕ್ಕಳದಲ್ಲಿ ಹಿಡಿದು ನೋಡಿದ ಆ ಕಿತ್ತಳೆ ಇದೇ. ಕೋಣೆಯ ತಾಪದ ಹತ್ತಿರ ಇಳಿಜಾರು ಪ್ರತಿ ಕೆಲ್ವಿನ್‌ಗೆ 0.26 ಮಿಲಿ ಇವಿ, ಅಂದರೆ 0.08 ನ್ಯಾನೋಮೀಟರ್. ಡಾಟ್‌ಗಳನ್ನು ಸಣ್ಣ ಥರ್ಮಾಮೀಟರ್ ಆಗಿ ಬಳಸುವವರು ನಂಬಿರುವುದು ಈ ಇಳಿಜಾರನ್ನೇ.

ವರ್ಶ್ನಿ ಸೂತ್ರ ಕೈಗೆ ಸುಲಭ, ಆದರೆ ಅದರ ಆಲ್ಫಾ-ಬೀಟಾ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಏರಿಸಿ ಇನ್ನೊಂದನ್ನೂ ಏರಿಸಿದರೆ ಗೆರೆ ಹೆಚ್ಚು ಕಡಿಮೆ ಅದೇ. 77ರಿಂದ 300ರ ತನಕದ ಅಂಕಿ ಮಾತ್ರ ಇದ್ದರೆ ಬೀಟಾ 150 ಬಂದರೂ 300 ಬಂದರೂ ಕಣ್ಣಿಗೆ ಎರಡೂ ಚೆನ್ನಾಗಿಯೇ ಕೂರುತ್ತವೆ. ಹಾಗಾಗಿ ಬೀಟಾದಿಂದ ಭೌತಶಾಸ್ತ್ರ ಹಿಂಡಲು ಹೋಗಬೇಡಿ. ನನಗೆ ಹಿಡಿಸಿದ್ದು 1991ರ ಓ'ಡಾನೆಲ್-ಚೆನ್ ಸೂತ್ರ. ಅದರಲ್ಲಿ ಎಲೆಕ್ಟ್ರಾನ್-ಫೋನಾನ್ ಎಳೆದಾಟದ ಬಲ ಒಂದು ಅಂಕಿ, ಫೋನಾನ್‌ನ ಸರಾಸರಿ ಶಕ್ತಿ ಇನ್ನೊಂದು ಅಂಕಿ. ಎರಡಕ್ಕೂ ಅರ್ಥವಿದೆ. ಬಂದ ಫೋನಾನ್ ಶಕ್ತಿ ಕ್ಯಾಡ್ಮಿಯಂ ಸೆಲೆನೈಡ್‌ನ ಗೊತ್ತಿರುವ 26 ಮಿಲಿ ಇವಿ ಫೋನಾನ್‌ಗಿಂತ ಎಷ್ಟೋ ಮೇಲೆ ಹೋದರೆ, ತಾಪದಲ್ಲಿ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತದೆ. ವರ್ಶ್ನಿ ಈ ಎಚ್ಚರಿಕೆ ಕೊಡುವುದಿಲ್ಲ.

ಹೊಳಪಿನ ಜೊತೆಗೆ ಹೀರಿಕೆಯ ಮೊದಲ ಪೀಕನ್ನೂ ಅಳೆದರೆ ತುಂಬಾ ಅನುಕೂಲ. ಎರಡೂ ಜೊತೆಯಾಗಿ ಸರಿದರೆ ಸರಿದದ್ದು ಬ್ಯಾಂಡ್ ಅಂತರವೇ. ಹೊಳಪಿನದ್ದು ಮಾತ್ರ ಸರಿದರೆ ಒತ್ತು ಡಾಟ್‌ಗಳ ದಾಟಾಟವನ್ನೋ ಮೇಲ್ಮೈ ಕೊರತೆಗಳನ್ನೋ ಅನುಮಾನಿಸಿ.

ಹಂತ 7: ಅಗಲ

ಅಗಲದಲ್ಲಿ ಎರಡು ಪಾಲು. ಒಂದು, ಡಾಟ್‌ಗಳೆಲ್ಲ ಒಂದೇ ಗಾತ್ರದವಲ್ಲ ಅನ್ನುವುದರಿಂದ ಬಂದದ್ದು. ಇದಕ್ಕೂ ತಾಪಕ್ಕೂ ಸಂಬಂಧವಿಲ್ಲ. ಇನ್ನೊಂದು ಫೋನಾನ್‌ಗಳಿಂದ ಬಂದದ್ದು. 26 ಮಿಲಿ ಇವಿಯ ಫೋನಾನ್‌ಗಳ ಸರಾಸರಿ ಸಂಖ್ಯೆ 300 ಕೆಲ್ವಿನ್‌ನಲ್ಲಿ 0.58, 77ರಲ್ಲಿ 0.02. ನೈಟ್ರೋಜನ್ ತಾಪಕ್ಕೇ ಅವು ಹೆಚ್ಚು ಕಡಿಮೆ ಮಲಗಿಬಿಡುತ್ತವೆ. ಅದರ ಕೆಳಗೆ ಉಳಿಯುವುದು ಗಾತ್ರದ ಪಾಲು ಮತ್ತು ಕಡಿಮೆ ಶಕ್ತಿಯ ಫೋನಾನ್‌ಗಳ ಸಣ್ಣ ಪಾಲು ಮಾತ್ರ. ನಮ್ಮ 80 ಮಿಲಿ ಇವಿ ತಂಪಿನಲ್ಲಿ 65ರ ಹತ್ತಿರ ನಿಂತರೆ, ಆ 65ನ್ನು ಎಷ್ಟು ತಂಪು ಮಾಡಿದರೂ ಕರಗಿಸಲು ಆಗುವುದಿಲ್ಲ. ಅದು ಡಾಟ್ ಬೆಳೆಸಿದಾಗಲೇ ಬರೆದ ಹಣೆಬರಹ.

ಹಂತ 8: ಹೊಳಪು

ಬಿಸಿಯಾದಂತೆ ಎಲೆಕ್ಟ್ರಾನ್‌ಗೆ ಬೆಳಕು ಕೊಡದೆ ತಪ್ಪಿಸಿಕೊಳ್ಳುವ ದಾರಿಗಳು ತೆರೆಯುತ್ತವೆ. ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗೆ: ಅತಿ ತಂಪಿನ ಹೊಳಪನ್ನು ಆ ತಾಪದ ಹೊಳಪಿನಿಂದ ಭಾಗಿಸಿ 1 ಕಳೆಯಿರಿ. ಬಂದದ್ದರ ಲಾಗರಿದಮ್ಮನ್ನು, 1 ÷ ತಾಪಕ್ಕೆ ಎದುರಾಗಿ ಗುರುತಿಸಿ. ನೇರ ಗೆರೆ ಬಂದರೆ ಅದರ ಇಳಿಜಾರಿನಿಂದ ತಪ್ಪಿಸಿಕೊಳ್ಳಲು ಬೇಕಾದ ಶಕ್ತಿ ಸಿಗುತ್ತದೆ.

ಒಂದು ಲೆಕ್ಕ ಮಾಡೋಣ. ಅತಿ ತಂಪಿನ ಹೊಳಪು 1 ಅಂತಿರಲಿ, 200 ಕೆಲ್ವಿನ್‌ನಲ್ಲಿ 0.90, 300ರಲ್ಲಿ 0.60. ಮೊದಲನೆಯದರಿಂದ 0.111, ಎರಡನೆಯದರಿಂದ 0.667. ಅನುಪಾತ 6. ಶಕ್ತಿ 93 ಮಿಲಿ ಇವಿ ಬರುತ್ತದೆ. ಈಗ ಅತಿ ತಂಪಿನ ಅಳತೆ ಬರೀ ಶೇಕಡಾ 5 ತಪ್ಪಿ, ನಿಜವಾದ ಬೆಲೆ 1.05 ಆಗಿತ್ತು ಅಂದುಕೊಳ್ಳಿ. ಅಂಕಿಗಳು 0.167 ಮತ್ತು 0.75 ಆಗುತ್ತವೆ, ಅನುಪಾತ 4.5ಕ್ಕೆ ಇಳಿಯುತ್ತದೆ, ಶಕ್ತಿ 78. ಐದು ಶೇಕಡಾ ತಪ್ಪಿಗೆ 15 ಮಿಲಿ ಇವಿ ಹೋಯಿತು, ಅಲ್ವಾ? ಚುಕ್ಕೆ ಅಗಲವಿರಲಿ, ಹೋಗಿ ಬನ್ನಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಈ ಅಂಕಿಯನ್ನು ದಶಾಂಶದ ಸಮೇತ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಕೆಲವೊಮ್ಮೆ ಬಿಸಿಗೆ ಹೊಳಪು ಏರುವುದೂ ಉಂಟು. ಡಾಟ್ ಮೈಗೆ ಅಂಟಿರುವ ಲಿಗ್ಯಾಂಡ್ ಸರಪಳಿಗಳು ತಂಪಿನಲ್ಲಿ ಗಟ್ಟಿಯಾಗಿ ಮೇಲ್ಮೈಯನ್ನು ಎಳೆದು ಕೊರತೆಗಳನ್ನು ಹುಟ್ಟಿಸುತ್ತವೆ, ಬಿಸಿಗೆ ಸಡಿಲವಾಗಿ ಮೇಲ್ಮೈ ಮತ್ತೆ ಹೊಂದಿಕೊಳ್ಳುತ್ತದೆ. ಚಿಪ್ಪು ತೆಳುವಾಗಿರುವ ಡಾಟ್‌ಗಳಲ್ಲಿ ಇದನ್ನು ನಿರೀಕ್ಷಿಸಿ.

ಹಂತ 9: ಆಯುಷ್ಯ

ಕಡೇ ಅಳತೆ, ಸೌಲಭ್ಯ ಇದ್ದರೆ ಖಂಡಿತ ಮಾಡಿ. ಲೇಸರ್ ಮಿಂಚಿದ ಮೇಲೆ ಡಾಟ್ ಎಷ್ಟು ಹೊತ್ತು ಹೊಳೆಯುತ್ತದೆ ಅನ್ನುವುದು ಆಯುಷ್ಯ. ಕೋಣೆಯ ತಾಪದಲ್ಲಿ ಸುಮಾರು 20 ನ್ಯಾನೋಸೆಕೆಂಡ್. 2 ಕೆಲ್ವಿನ್ ಹತ್ತಿರ ಅದೇ 1 ಮೈಕ್ರೋಸೆಕೆಂಡ್ ಆಸುಪಾಸು. ಕಾರಣ ಚೆಂದವಾಗಿದೆ. ಕ್ಯಾಡ್ಮಿಯಂ ಸೆಲೆನೈಡ್ ಡಾಟ್‌ನಲ್ಲಿ ಎಲೆಕ್ಟ್ರಾನ್-ಹೋಲ್ ಜೋಡಿಯ ಅತಿ ಕೆಳಗಿನ ಮಟ್ಟಕ್ಕೆ ಬೆಳಕು ಕೊಡುವ ಅನುಮತಿಯೇ ಇಲ್ಲ. ಅದನ್ನು ಕತ್ತಲೆ ಮಟ್ಟ ಎನ್ನುತ್ತಾರೆ. ಬೆಳಕಿನ ಮಟ್ಟ ಕೆಲವೇ ಮಿಲಿ ಇವಿ ಮೇಲಿದೆ. ಕೋಣೆಯ ತಾಪದಲ್ಲಿ ಶಾಖವೇ ಜೋಡಿಯನ್ನು ಮೇಲಕ್ಕೆತ್ತಿ ಬಿಡುತ್ತದೆ. ತಂಪಿನಲ್ಲಿ ಆ ಏಣಿ ಇಲ್ಲ, ಜೋಡಿ ಕೆಳಗೇ ಕೂತು ಕಾಯುತ್ತದೆ. ಹಾಗಾಗಿ ತಂಪಿನಲ್ಲಿ ಲೇಸರ್ ಮಿಂಚುಗಳ ನಡುವೆ ಕನಿಷ್ಠ 5 ಮೈಕ್ರೋಸೆಕೆಂಡ್ ಬಿಡಿ. ಸೆಕೆಂಡಿಗೆ 2 ಲಕ್ಷಕ್ಕಿಂತ ಜಾಸ್ತಿ ಮಿಂಚು ಬೇಡ.

ಆಯುಷ್ಯ ಮತ್ತು ಹೊಳಪನ್ನು ಪಕ್ಕಪಕ್ಕ ಇಟ್ಟು ನೋಡಿ. ಕೋಣೆಯ ತಾಪದಿಂದ ಮೇಲೆ ಎರಡೂ ಜೊತೆಯಾಗಿ ಇಳಿದರೆ ತಪ್ಪಿಸಿಕೊಳ್ಳುವ ದಾರಿ ನಿಜವಾಗಿ ತೆರೆದಿದೆ. ಹೊಳಪು ಇಳಿದು ಆಯುಷ್ಯ ಹಾಗೇ ಇದ್ದರೆ, ಒಂದಷ್ಟು ಡಾಟ್‌ಗಳು ಪೂರ್ತಿ ಆರಿಹೋಗಿವೆ, ಉಳಿದವು ಮೊದಲಿನಂತೇ ಇವೆ.

ಬಿಸಿಯ ಕಡೆಗೆ ಹೋಗುವಾಗ

300 ಕೆಲ್ವಿನ್‌ನಿಂದ ಮೇಲೆ ಹೋಗುವುದಾದರೆ ತಂಪಿನ ಅಳತೆ ಎಲ್ಲ ಮುಗಿಸಿಕೊಂಡೇ ಹೋಗಿ. 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಕ್ರಿಲಿಕ್ ಮೆತ್ತಗಾಗುತ್ತದೆ, ಲಿಗ್ಯಾಂಡ್‌ಗಳು ಕಳಚಬಹುದು, ಗಾಳಿ ಇದ್ದರೆ ಆಮ್ಲಜನಕ ತಿರುಳನ್ನು ತಿನ್ನಲು ಶುರುಮಾಡುತ್ತದೆ. ಪೆರೋವ್‌ಸ್ಕೈಟ್ ಆದರೆ ಹರಳಿನ ರಚನೆಯೇ ಬದಲಾಗುವ ತಾಪಗಳು ನಡುವೆ ಬರುತ್ತವೆ. ಸೀಸಿಯಂ ಲೆಡ್ ಬ್ರೋಮೈಡ್‌ನ ದೊಡ್ಡ ಹರಳಿನಲ್ಲಿ ಅವು 88 ಮತ್ತು 130 ಡಿಗ್ರಿ ಸೆಲ್ಸಿಯಸ್.

ಇಲ್ಲಿ 20 ಡಿಗ್ರಿ ಏರಿದಾಗಲೆಲ್ಲ ಒಮ್ಮೆ ಕೆಳಗಿಳಿದು 300 ಕೆಲ್ವಿನ್‌ನ ಗುರುತುಕಲ್ಲನ್ನು ಮತ್ತೆ ಅಳೆಯಿರಿ. ಸಮಯ ಹಿಡಿಯುತ್ತದೆ, ಆದರೂ ಮಾಡಿ. ಪೀಕ್ 620ರಲ್ಲೇ ಇದ್ದು, ಅಗಲವೂ ಅದೇ ಇದ್ದು, ಹೊಳಪು ಮಾತ್ರ 0.8ಕ್ಕೆ ಇಳಿದಿದ್ದರೆ ಮೇಲ್ಮೈ ಹಾಳಾಗಿದೆ. ಪೀಕ್ 617ಕ್ಕೆ ಬಂದು ನಿಂತು ಅಲ್ಲಾಡದಿದ್ದರೆ ತಿರುಳೇ ಸವೆದಿದೆ, ಡಾಟ್ ಚಿಕ್ಕದಾಗಿದೆ. ಆ ಕ್ಷಣದಿಂದ ಅದು ಬೇರೆಯೇ ಸ್ಯಾಂಪಲ್. ಅದರ ಮೇಲಿನ ತಾಪದ ಅಂಕಿಗಳನ್ನು ಹಳೆಯ ಗೆರೆಗೆ ಜೋಡಿಸದೆ, ಹೊಸ ಹಾಳೆಯಲ್ಲಿ ಹೊಸ ಹೆಸರಿನಲ್ಲಿ ಬರೆಯಿರಿ.